ಬಚ್ಚಲಿನ ನೆಲದ ಕೆಳಗೆ: ಮಂಗಳೂರಿನ ಒಂದು ಮುರಕಲ್ಲಿನ ಮನೆಯಲ್ಲಿ ಗೆದ್ದಲು ನಿಯಂತ್ರಣದ ಪ್ರಕರಣ

ಈ ಪ್ರಕರಣ ಮಂಗಳೂರು ನಗರದ ಒಳಭಾಗದ ಒಂದು ಹಳೆಯ ಮನೆಯದು. ಮನೆಯವರ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಬಡಾವಣೆಯ ಹೆಸರನ್ನೂ ಬಿಟ್ಟು, 2022ರ ಜೂನ್‌ನಿಂದ 2024ರ ಜುಲೈವರೆಗೆ ಅಲ್ಲಿ ಕಂಡದ್ದನ್ನೂ ಮಾಡಿಸಿದ್ದನ್ನೂ ಬರೆಯುತ್ತಿದ್ದೇನೆ. ನಾನು ಸಿವಿಲ್ ಎಂಜಿನಿಯರ್. ಹಳೆಯ ಮನೆಗಳ ದುರಸ್ತಿ ನನ್ನ ಕೆಲಸ. ಔಷಧಿ ಹಾಕುವ ಕೆಲಸವನ್ನು ಅದಕ್ಕೆ ಪರವಾನಗಿ ಇರುವವರೇ ಮಾಡಿದರು. ಆದರೆ ಕರಾವಳಿಯ ಮನೆಗಳಲ್ಲಿ ಗೆದ್ದಲಿನ ಪ್ರಶ್ನೆ ಔಷಧಿಯದ್ದಾಗುವ ಮೊದಲು ನೀರಿನದ್ದು, ನೆಲದ್ದು, ಕಟ್ಟಿದ ರೀತಿಯದ್ದು ಎಂಬುದನ್ನು ಈ ಮನೆಯಷ್ಟು ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟ ಮನೆ ಬೇರೊಂದಿಲ್ಲ. ಒಂದು ಕಡೆ ನನ್ನ ಪರಿಶೀಲನೆಯೇ ತಪ್ಪಿತು. ಅದನ್ನೂ ಮುಚ್ಚಿಡದೆ ಬರೆದಿದ್ದೇನೆ.

ಮನೆಯ ಹಳೆಯ ಭಾಗ 1970ರ ದಶಕದ್ದು. ಮುರಕಲ್ಲಿನ (ಲ್ಯಾಟರೈಟ್ ಕಲ್ಲಿನ) ಗೋಡೆ, ಹಂಚಿನ ಮಾಡು, ಹಲಸಿನ ಬಾಗಿಲುಗಳು, ಚಾವಡಿಯಲ್ಲಿ ಕಾವಿ ಹಾಕಿದ ನೆಲ. 2012ರಲ್ಲಿ ಪೂರ್ವದ ಬದಿಗೆ ಒಂದು ಮಲಗುವ ಕೋಣೆಯನ್ನೂ ಅದಕ್ಕೆ ತಾಗಿದಂತೆ ಒಂದು ಬಚ್ಚಲನ್ನೂ ಸೇರಿಸಿ ಮೇಲೆ ಆರ್‌ಸಿಸಿ ಹಾಕಿದ್ದರು. ಅಡುಗೆಮನೆ ಪಶ್ಚಿಮಕ್ಕಿದೆ, ಅಲ್ಲಿಯ ಕಪಾಟುಗಳು ಪ್ಲೈವುಡ್ ಮತ್ತು ಎಂಡಿಎಫ್‌ನವು (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಇನ್ನೂ ಹತ್ತು ವರ್ಷ ಆಗಿಲ್ಲ. ಅಡುಗೆಮನೆಯ ಗೋಡೆಯಿಂದ ಸುಮಾರು 4 ಮೀಟರ್ ದೂರದಲ್ಲಿ ಬಾವಿ. ಮನೆಯವರು ಇಂದಿಗೂ ಕುಡಿಯುವುದು ಅದರ ನೀರನ್ನೇ. ಆಗ್ನೇಯ ಮೂಲೆಯಲ್ಲಿ ಒಂದು ಮರ, ಅದರ ಬುಡದಲ್ಲಿ ಹುತ್ತ. ನಾಗರಪಂಚಮಿಯ ದಿನ ಅಲ್ಲಿ ತನು ಎರೆಯುವುದು ಮನೆಯ ಹಿರಿಯರ ಕಾಲದಿಂದ ನಡೆದು ಬಂದಿದೆ. ಮನೆಯ ಯಜಮಾನರು ನಿವೃತ್ತ ಹೈಸ್ಕೂಲು ಅಧ್ಯಾಪಕರು. ನೆರೆಕರೆಯವರ ಹಾಗೆ ನಾನೂ ಅವರನ್ನು ಮಾಷ್ಟ್ರು ಎಂದೇ ಕರೆಯುತ್ತೇನೆ.

ಮನೆಯವರು ಹೇಳಿದ್ದು

2022ರ ಮೇ ಕೊನೆಯ ವಾರ, ಮೊದಲ ಜೋರು ಮಳೆ ಬಿದ್ದ ಸಂಜೆ, ಹೊಸ ಕೋಣೆಯ ಬಾಗಿಲ ದಾರಂದದ (ಮರದ ಚೌಕಟ್ಟಿನ) ಸಂದಿನಿಂದ ರೆಕ್ಕೆಯ ಹುಳುಗಳು ನೂರಾರು ಸಂಖ್ಯೆಯಲ್ಲಿ ಹೊರಬಂದು ಟ್ಯೂಬ್‌ಲೈಟಿಗೆ ಮುತ್ತಿಕೊಂಡವು. ಬೆಳಿಗ್ಗೆ ಗುಡಿಸಿದರೆ ಸಿಕ್ಕಿದ್ದು ಬರಿಯ ರೆಕ್ಕೆಗಳ ರಾಶಿ. ಮಾಷ್ಟ್ರ ಹೆಂಡತಿ ಒಂದು ಹಿಡಿ ರೆಕ್ಕೆಗಳನ್ನು ಕಾಗದದಲ್ಲಿ ಮಡಚಿ ತೆಗೆದಿರಿಸಿದ್ದರು. ಇದರಿಂದ ನನಗೆ ಬಹಳ ಉಪಕಾರವಾಯಿತು. ಗೆದ್ದಲಿನ ನಾಲ್ಕು ರೆಕ್ಕೆಗಳೂ ಹೆಚ್ಚುಕಡಿಮೆ ಒಂದೇ ಉದ್ದ ಇರುತ್ತವೆ; ಇರುವೆಯ ಮುಂದಿನ ಜೋಡಿ ಹಿಂದಿನದಕ್ಕಿಂತ ದೊಡ್ಡದು. ಕಾಗದದಲ್ಲಿದ್ದವು ಗೆದ್ದಲಿನವೇ. ಮಳೆಹುಳು ದೀಪಕ್ಕೆ ಹೊರಗಿನಿಂದ ಬರುವುದು ಕರಾವಳಿಯಲ್ಲಿ ಎಲ್ಲರ ಮನೆಯಲ್ಲೂ ಉಂಟು, ಅದರಿಂದ ಗಾಬರಿ ಬೇಕಿಲ್ಲ. ಅವು ಮನೆಯ ಮರದ ಸಂದಿನಿಂದಲೇ ಹೊರಡುತ್ತಿದ್ದರೆ ಮಾತ್ರ ಗೂಡಿನ ಒಂದು ತುದಿ ಮನೆಯ ಒಳಗೇ ಇದೆ ಎಂದೂ ಆ ಗೂಡು ರೆಕ್ಕೆಯ ಹುಳುಗಳನ್ನು ಹೊರಗೆ ಕಳುಹಿಸುವಷ್ಟು ಬಲಿತಿದೆ ಎಂದೂ ತಿಳಿಯಬೇಕು.

ಅದಕ್ಕೂ ಮೊದಲಿನ ಎರಡು ವರ್ಷಗಳಲ್ಲಿ ಎರಡು ಸಲ ಔಷಧಿ ಹೊಡೆಸಿದ್ದರು. ಬಂದವರು ಗೋಡೆಯ ಮೇಲೆ ಕಂಡ ಮಣ್ಣಿನ ದಾರಿಯನ್ನು ಕೆರೆದು ತೆಗೆದು, ದಾರಂದಕ್ಕೂ ನೆಲದ ಅಂಚಿಗೂ ಪಂಪಿನಿಂದ ಸಿಂಪಡಿಸಿ, ಒಂದು ವರ್ಷದ ಖಾತರಿ ಚೀಟಿ ಕೊಟ್ಟು ಹೋಗಿದ್ದರು. ಮೊದಲ ಸಲದ ನಂತರ ಗೆದ್ದಲು ಹೊಸ ಕೋಣೆಯನ್ನು ಬಿಟ್ಟು ಓಣಿಯ ಗೋಡೆಕಪಾಟಿಗೆ ಬಂತು. ಎರಡನೇ ಸಲದ ನಂತರ ಕಪಾಟನ್ನು ಬಿಟ್ಟು ಮರಳಿ ದಾರಂದಕ್ಕೆ ಹೋಯಿತು. ಮೂರನೇ ಸಲ ವಿಚಾರಿಸಿದಾಗ, ಅಂಗಳದ ಹುತ್ತವೇ ಮೂಲ, ಅದನ್ನು ಅಗೆದು ಒಳಗೆ ಔಷಧಿ ಸುರಿಯದೆ ಖಾತರಿ ಕೊಡಲಾಗದು ಎಂದರಂತೆ. ಮಾಷ್ಟ್ರು ನನ್ನನ್ನು ಕರೆದದ್ದು ಆ ಮಾತಿನ ಮರುದಿನ. “ಮನೆ ಉಳಿಸಲಿಕ್ಕೆ ಹುತ್ತ ಅಗೆಯಲೇಬೇಕು ಎಂದಾದರೆ ಅದನ್ನಾದರೂ ಖಚಿತ ಮಾಡಿ ಹೇಳಿ ಸರ್, ಸುಮ್ಮನೆ ಅಂದಾಜಿನ ಮೇಲೆ ಅದಕ್ಕೆ ಕೈ ಹಾಕುವುದು ನಮ್ಮಿಂದ ಆಗುವುದಿಲ್ಲ” ಎಂದರು. ನ್ಯಾಯವಾದ ಮಾತು. ಭಕ್ತಿಯ ಪ್ರಶ್ನೆಯನ್ನು ಬದಿಗಿಟ್ಟರೂ ಅಂದಾಜಿನ ಮೇಲೆ ಮಣ್ಣಿಗೆ ವಿಷ ಸುರಿಯುವುದು ಯಾವ ಮನೆಯಲ್ಲೂ ಸರಿಯಲ್ಲ.

ಮೊದಲ ಪರಿಶೀಲನೆ

ನನ್ನ ಬಳಿ ಇದ್ದದ್ದು ಒಂದು ಟಾರ್ಚು, ಒಂದು ಉದ್ದ ಸ್ಕ್ರೂಡ್ರೈವರ್, ಭೂತಗನ್ನಡಿ, ಮರದ ತೇವ ಅಳೆಯುವ ಮೀಟರ್. ದಾರಂದವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಮೇಲಿನಿಂದ ಕೆಳಗೆ ತಟ್ಟುತ್ತ ಬಂದೆ. ಎದೆಯೆತ್ತರದವರೆಗೆ ಗಟ್ಟಿ ಸದ್ದು. ಅಲ್ಲಿಂದ ಕೆಳಗೆ ಒಣಗಿದ ಸೋರೆಬುರುಡೆಯ ಸದ್ದು. ಬಣ್ಣದ ಪದರ ಮಾತ್ರ ಹೊರಗೆ ನಯವಾಗಿ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದ ಕೂಡಲೇ ಅದು ಕಾಗದದಂತೆ ಒಳಕ್ಕೆ ಹೋಗಿ, ನೂಲಿನಂತೆ ಉದ್ದುದ್ದಕ್ಕೆ ಉಳಿದ ಮರದ ಗಟ್ಟಿ ಎಳೆಗಳೂ ನಡುನಡುವೆ ಒದ್ದೆ ಮಣ್ಣೂ ಕಂಡವು. ಮೀಟರು ದಾರಂದದ ಪಾದದಲ್ಲಿ 28 ಶೇಕಡಾ ತೇವ ತೋರಿಸಿತು. ಅದೇ ಹೊತ್ತಿಗೆ ಚಾವಡಿಯ ಬಾಗಿಲಿನಲ್ಲಿ 17. ಮಳೆಗಾಲದ ಗಾಳಿಯಲ್ಲಿ ಮಂಗಳೂರಿನ ಯಾವ ಮರವೂ ಪೂರ್ತಿ ಒಣಗಿರುವುದಿಲ್ಲ. ಆದರೆ ಒಂದೇ ಮನೆಯ ಎರಡು ಬಾಗಿಲುಗಳ ನಡುವೆ ಇಷ್ಟು ಅಂತರ ಇದ್ದರೆ ಆ ತೇವ ಗಾಳಿಯದಲ್ಲ, ಎಲ್ಲಿಂದಲೋ ಹರಿದು ಬರುತ್ತಿರುವ ನೀರಿನದು.

ಗೆದ್ದಲಿನ ಮೈ ಮೆತ್ತಗೆ, ಚರ್ಮ ತೆಳು. ತೆರೆದ ಗಾಳಿಯಲ್ಲಿ ಅದು ಬೇಗನೆ ಒಣಗಿ ಸಾಯುತ್ತದೆ. ಮಣ್ಣಿನ ಸುರಂಗ ಕಟ್ಟಿಕೊಂಡು ಅದರೊಳಗೇ ಓಡಾಡುವುದು ಬೆಳಕಿನ ಭಯಕ್ಕೆ ಮಾತ್ರವಲ್ಲ, ತೇವವನ್ನು ಜತೆಗೆ ಒಯ್ಯಲು. ಹಾಗಾಗಿ ನಾನು ಮರದ ಜತೆಗೆ ನೀರನ್ನೂ ಹುಡುಕುತ್ತ ಮನೆಯ ಸುತ್ತ ಬಂದೆ. ಸಿಕ್ಕಿದ ಸಂಗತಿಗಳು ಒಂದೆರಡಲ್ಲ. ದಾರಂದವಿದ್ದ ಗೋಡೆಯ ಇನ್ನೊಂದು ಮುಖ ಬಚ್ಚಲಿನದು. ಅಲ್ಲಿ ಗೋಡೆಯೊಳಗಿನ ನೀರಿನ ಪೈಪು ಒಂದು ಜಾಯಿಂಟಿನಲ್ಲಿ ಸೋರುತ್ತಿತ್ತು. ದಾರಂದದ ಎರಡೂ ಕಾಲುಗಳನ್ನು ನೆಲದ ಕಾಂಕ್ರೀಟಿನೊಳಗೆ ಹೂತು ಸಿಮೆಂಟು ತುಂಬಿದ್ದರು. ಹೊರಗೆ ಪೂರ್ವದ ಗೋಡೆಗೆ ಒರಗಿಸಿ ಬಚ್ಚಲೊಲೆಗೆ ಬೇಕಾದ ಕಟ್ಟಿಗೆ, ಒಣ ಮಡಲು, ಗೆರಟೆ, ತೆಂಗಿನ ಸಿಪ್ಪೆ ಎಲ್ಲವನ್ನೂ ಸೊಂಟದೆತ್ತರಕ್ಕೆ ಪೇರಿಸಿದ್ದರು. ಅಂಗಳಕ್ಕೆ ಇಂಟರ್‌ಲಾಕ್ ಹಾಸುವಾಗ ಮಣ್ಣು ತುಂಬಿಸಿದ್ದರಿಂದ ಅಂಗಳವೇ ಮೇಲೆದ್ದು, ಹೊಸ ಕೋಣೆಯ ಪಂಚಾಂಗದಲ್ಲಿ (ಗೋಡೆಯ ಕೆಳಗೆ ನೆಲಮಟ್ಟದಿಂದ ಮೇಲಕ್ಕೆ ಕಟ್ಟುವ ಅಡಿಕಟ್ಟಿನಲ್ಲಿ) ಹೊರಗೆ ಕಾಣುತ್ತಿದ್ದದ್ದು ನಾಲ್ಕು ಬೆರಳಿನಷ್ಟು ಮಾತ್ರ. ಪಂಚಾಂಗ ಎತ್ತರವಾಗಿ ತೆರೆದಿದ್ದರೆ ಗೆದ್ದಲು ಅದರ ಮೇಲೆ ಮಣ್ಣಿನ ದಾರಿ ಕಟ್ಟಿಯೇ ಮೇಲೆ ಬರಬೇಕು, ಮನೆಯವರ ಕಣ್ಣಿಗೂ ಬೀಳುತ್ತದೆ. ಇಲ್ಲಿ ಅದು ಮಣ್ಣಿನಿಂದ ನೇರ ಗೋಡೆಯ ಸಂದಿಗೆ ಹೋಗಬಹುದಿತ್ತು.

ಮುರಕಲ್ಲಿನ ಗೋಡೆಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಆ ಕಲ್ಲಿನಲ್ಲೇ ತೂತುಗಳು, ಸುರಂಗಗಳು ಇವೆ. ಹಳೆಯ ಗೋಡೆಗಳಲ್ಲಿ ಎರಡು ಕಲ್ಲಿನ ನಡುವೆ ಮಣ್ಣಿನ ಗಾರೆ. ಗೆದ್ದಲು ಕಲ್ಲನ್ನು ತಿನ್ನುವುದಿಲ್ಲ, ಆದರೆ ಕಲ್ಲಿನ ಗೋಡೆ ಅದಕ್ಕೆ ಸಿದ್ಧ ರಸ್ತೆ. ಗಿಲಾವಿನ ಮೇಲೆ ಏನನ್ನು ಸಿಂಪಡಿಸಿದರೂ ಆ ರಸ್ತೆಗೆ ತಲುಪುವುದಿಲ್ಲ.

ಹುತ್ತದ ಗೆದ್ದಲೂ ದಾರಂದದ ಗೆದ್ದಲೂ

ದಾರಂದವನ್ನು ಒಡೆದಾಗ ಓಡಿದ ಹುಳುಗಳಲ್ಲಿ ಕೆಲಸಗಾರರ ನಡುವೆ ಹಳದಿ ತಲೆಯ ಸೈನಿಕ ಹುಳುಗಳನ್ನು ಆರಿಸಿ ಬಿಳಿ ತಟ್ಟೆಗೆ ಹಾಕಿಕೊಂಡೆ. ಕಡ್ಡಿಯ ತುದಿಯಿಂದ ಒಂದನ್ನು ಮುಟ್ಟಿದ ಕೂಡಲೇ ಅದರ ಹಣೆಯಿಂದ ಹಾಲಿನಂಥ ಬಿಳಿ ಹನಿಯೊಂದು ಉಕ್ಕಿತು. ಭೂತಗನ್ನಡಿಯಲ್ಲಿ ಅದನ್ನು ಮಾಷ್ಟ್ರಿಗೂ ತೋರಿಸಿದೆ. ಈ ಬಿಳಿ ಹನಿ ಕಾಪ್ಟೊಟರ್ಮಿಸ್ ಎಂಬ ಕುಲದ ಗುರುತು. ಇವು ಹುತ್ತ ಕಟ್ಟುವ ಜಾತಿಯಲ್ಲ. ನೆಲದಡಿಯಲ್ಲೋ ಗೋಡೆಯ ಪೊಳ್ಳಿನಲ್ಲೋ ಮರದ ಹೊಟ್ಟೆಯಲ್ಲೋ, ಅಗಿದ ಮರವನ್ನೂ ಮಲವನ್ನೂ ಸೇರಿಸಿ ರಟ್ಟಿನಂಥ ಗೂಡು ಮಾಡಿಕೊಳ್ಳುತ್ತವೆ, ಮತ್ತು ನೀರಿನ ಹತ್ತಿರವೇ ಇರುತ್ತವೆ.

ಹುತ್ತದ ಪಕ್ಕದ ತೆಂಗಿನ ಮರದ ಮೇಲಿದ್ದ ಮಣ್ಣಿನ ಹೊದಿಕೆಯನ್ನು ಸ್ವಲ್ಪ ತೆರೆದು ಅಲ್ಲಿಯ ಹುಳುಗಳನ್ನೂ ನೋಡಿದೆ. ಅವು ಬೇರೆ. ಸೈನಿಕನ ಕತ್ತರಿಯಂಥ ದವಡೆಯ ಒಳಬದಿಯಲ್ಲಿ ಒಂದು ಹಲ್ಲು. ಹಣೆಯಲ್ಲಿ ಬಿಳಿ ಹನಿ ಇಲ್ಲ. ಇವು ಓಡೊಂಟೊಟರ್ಮಿಸ್ ಕುಲದವು, ಹುತ್ತದೊಳಗೆ ಅಣಬೆಯ ತೋಟ ಬೆಳೆಸುವ ಗೆದ್ದಲುಗಳು. ಮಳೆ ಹಿಡಿದ ಮೇಲೆ ಹುತ್ತದ ಸುತ್ತ ಏಳುವ, ನಮ್ಮ ಕಡೆ ಪಲ್ಯ ಮಾಡಿ ತಿನ್ನುವ ಟರ್ಮಿಟೊಮೈಸಿಸ್ ಅಣಬೆ ಈ ತೋಟದ್ದೇ ಫಲ. ಈ ಕುಲದ ಗೆದ್ದಲು ಮನೆಯ ಮರಕ್ಕೆ ಬರುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಬರುತ್ತದೆ. ಆದರೆ ಈ ಮನೆಯ ದಾರಂದವನ್ನು ತಿಂದದ್ದು ಅದಲ್ಲ. ಹುತ್ತವನ್ನು ಅಗೆದಿದ್ದರೆ ಮನೆಯವರ ಮನಸ್ಸಿಗೆ ಆಗುವ ನೋವು ಒಂದು ಕಡೆ, ಬಾವಿಯಿರುವ ಅಂಗಳದಲ್ಲಿ ಹತ್ತಾರು ಲೀಟರ್ ವಿಷ ಇನ್ನೊಂದು ಕಡೆ, ಗೆದ್ದಲು ಮಾತ್ರ ಇದ್ದಲ್ಲೇ ಇರುತ್ತಿತ್ತು. “ಹುತ್ತ ಅದರ ಪಾಡಿಗೆ ಇರಲಿ ಮಾಷ್ಟ್ರೇ” ಎಂದೆ. ಅವರ ಹೆಂಡತಿ ಒಳಗೆ ಹೋಗಿ ದೇವರ ದೀಪಕ್ಕೆ ಎಣ್ಣೆ ಹಾಕಿ ಬಂದರು.

ಮಳೆಗಾಲದಲ್ಲಿ ಮಾಡಿದ್ದು, ಮಾಡದೆ ಬಿಟ್ಟದ್ದು

ಮೊದಲು ಬಂದವರ ಔಷಧಿ ಏಕೆ ಫಲಿಸಲಿಲ್ಲ ಎಂಬುದನ್ನು ವಿವರಿಸಬೇಕು. ಡಬ್ಬಿಯ ಚಿತ್ರ ಮನೆಯವರ ಮೊಬೈಲಿನಲ್ಲಿತ್ತು. ಅದು ಪೈರೆಥ್ರಾಯ್ಡ್ ಗುಂಪಿನದು. ಆ ಗುಂಪಿನ ಹೆಚ್ಚಿನ ಔಷಧಿಗಳನ್ನು ಗೆದ್ದಲು ದೂರದಿಂದಲೇ ಗುರುತಿಸಿ ದಾರಿ ಬದಲಿಸುತ್ತದೆ. ಮನೆಯ ಸುತ್ತ ಎಲ್ಲೂ ಬಿಡುವಿಲ್ಲದಂತೆ ಮಣ್ಣಿನೊಳಗೆ ತುಂಬಿದರೆ ಅದೇ ಗುಣ ಬೇಲಿಯಾಗಿ ಕೆಲಸ ಮಾಡುತ್ತದೆ. ಕಂಡ ಕಂಡಲ್ಲಿ ಮೇಲೆ ಸಿಂಪಡಿಸಿದರೆ ಆಗುವುದು ಇಷ್ಟೇ: ಹೊರಗೆ ಬಂದಿದ್ದ ಕೆಲವು ಸಾವಿರ ಕೆಲಸಗಾರ ಹುಳುಗಳು ಸಾಯುತ್ತವೆ, ಉಳಿದವು ಇನ್ನೊಂದು ಸಂದು ಹುಡುಕುತ್ತವೆ. ದಾರಂದದಿಂದ ಕಪಾಟಿಗೆ, ಕಪಾಟಿನಿಂದ ದಾರಂದಕ್ಕೆ ಓಡಾಟ ನಡೆದದ್ದು ಹೀಗೆ.

ಮಣ್ಣಿಗೆ ಔಷಧಿ ಹಾಕಲು ಜೂನ್ ಸರಿಯಾದ ಕಾಲವಲ್ಲ. ಕಟ್ಟಡಗಳ ಗೆದ್ದಲು ನಿಯಂತ್ರಣಕ್ಕೆ ನಮ್ಮಲ್ಲಿರುವ ಭಾರತೀಯ ಮಾನಕ ಐಎಸ್ 6313, ಮಳೆ ಬರುತ್ತಿರುವಾಗ ಅಥವಾ ಮಣ್ಣು ಮಳೆಯಿಂದ ಒದ್ದೆಯಾಗಿರುವಾಗ ಮಣ್ಣಿನ ಉಪಚಾರ ಮಾಡಬಾರದೆಂದೂ ಬಾವಿ, ಒರತೆಗಳಿಗೆ ಔಷಧಿ ಸೇರದಂತೆ ಎಚ್ಚರ ವಹಿಸಬೇಕೆಂದೂ ಹೇಳುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ನಾಲ್ಕು ತಿಂಗಳಲ್ಲೇ ಸುರಿಯುವ ಊರಿನಲ್ಲಿ ಈ ಎರಡು ಮಾತುಗಳನ್ನು ಎಲ್ಲಕ್ಕಿಂತ ಮೊದಲು ಓದಬೇಕು. ನೀರು ತುಂಬಿಕೊಂಡ ಮಣ್ಣು ಔಷಧಿಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮುರಕಲ್ಲಿನ ನೆಲದಲ್ಲಿ ಅದು ಎಲ್ಲಿಗೆ ಹರಿದು ಹೋಗುತ್ತದೆ ಎಂದು ಯಾರೂ ಹೇಳಲಾರರು. ಆದ್ದರಿಂದ ನವೆಂಬರ್ ಕಳೆಯುವವರೆಗೆ ಕಾಯಲು ಮನೆಯವರನ್ನು ಒಪ್ಪಿಸಿದೆ. ಬಾಗಿಲು ಕುಸಿಯುವ ಅಪಾಯ ಇರಲಿಲ್ಲ. ಗೆದ್ದಲಿನ ತಿನ್ನುವಿಕೆ ತಿಂಗಳುಗಳ ಲೆಕ್ಕದ್ದು, ದಿನಗಳದ್ದಲ್ಲ. ಅಷ್ಟರವರೆಗೆ ಸುರಂಗಗಳನ್ನು ಕೆಡಿಸಬೇಡಿ ಎಂದೂ ಹೇಳಿದೆ, ಏಕೆಂದರೆ ಕೆಡಿಸಿದರೆ ಅವು ಎಲ್ಲಿಂದ ಬರುತ್ತಿವೆ ಎಂಬ ಗುರುತೇ ಹೋಗುತ್ತದೆ.

ಕಾಯುವ ಆ ತಿಂಗಳುಗಳಲ್ಲಿ ನೀರಿನ ಕೆಲಸ ಮಾಡಿಸಿದೆವು. ಗೋಡೆಯೊಳಗಿನ ಪೈಪನ್ನು ಬದಲಿಸಿ, ಒತ್ತಡ ಕೊಟ್ಟು ಪರೀಕ್ಷೆ ಮಾಡಿದೆವು. ಕಟ್ಟಿಗೆಯ ರಾಶಿಯನ್ನು ಗೋಡೆಯಿಂದ ದೂರ, ಕಲ್ಲಿನ ಕಂಬಗಳ ಮೇಲೆ ಕಬ್ಬಿಣದ ಸಲಾಕೆ ಹಾಕಿದ ಚಪ್ಪರಕ್ಕೆ ಸಾಗಿಸಲಾಯಿತು. ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದಂಬೆ ಹಾಕಿಸಿದೆವು. ಅಂಗಳದ ಇಂಟರ್‌ಲಾಕನ್ನು ಪೂರ್ವದ ಬದಿಯಲ್ಲಿ ಎರಡು ಅಡಿ ಅಗಲಕ್ಕೆ ಕಿತ್ತು, ಮಣ್ಣು ತೆಗೆದು, ಪಂಚಾಂಗವನ್ನು ಒಂದು ಅಡಿಯಷ್ಟು ಹೊರಗೆ ಕಾಣುವಂತೆ ಮಾಡಿದ್ದು ಅಕ್ಟೋಬರಿನಲ್ಲಿ.

ಅಡುಗೆಮನೆಯ ಜಿರಳೆಗಳು

ಮಾಷ್ಟ್ರ ಹೆಂಡತಿಗೆ ಗೆದ್ದಲಿಗಿಂತ ಹೆಚ್ಚು ಬೇಸರ ತಂದದ್ದು ಜಿರಳೆ. ಬಚ್ಚಲಿನ ಗುಂಡಿಯಿಂದ ಬರುವ ದೊಡ್ಡ ಕೆಂಪು ಜಿರಳೆಯಲ್ಲ. ಕಪಾಟಿನ ಬಿಜಾಗರಿ, ಮಿಕ್ಸಿಯ ತಳ, ಫ್ರಿಜ್ಜಿನ ರಬ್ಬರಿನ ಸಂದುಗಳಲ್ಲಿ ಅಡಗುವ, ಕತ್ತಿನ ಹಿಂದೆ ಎರಡು ಕಪ್ಪು ಗೀಟುಗಳಿರುವ ಸಣ್ಣ ಜಾತಿ. ಇದರ ಹೆಣ್ಣು ಮೂವತ್ತರಿಂದ ನಲವತ್ತು ಮೊಟ್ಟೆಗಳ ಚೀಲವನ್ನು ಮರಿ ಒಡೆಯುವ ಹೊತ್ತಿನವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಅದಕ್ಕೇ ಇದು ಇಷ್ಟು ಬೇಗ ಹೆಚ್ಚುತ್ತದೆ. ಅವರು ಅಂಗಡಿಯಿಂದ ತಂದ ಸ್ಪ್ರೇಯನ್ನು ಪ್ರತಿ ವಾರ ಹೊಡೆಯುತ್ತಿದ್ದರು, ಜಿರಳೆ ಅಡುಗೆಮನೆಯಿಂದ ಚಾವಡಿಯ ಟಿವಿಯ ಹಿಂದಕ್ಕೂ ಹರಡಿತ್ತು.

ಇಲ್ಲಿ ಸ್ಪ್ರೇ ನಿಲ್ಲಿಸುವುದೇ ಚಿಕಿತ್ಸೆಯ ಮೊದಲ ಭಾಗ. ಕಪಾಟನ್ನು ಸೋಪಿನ ನೀರಿನಿಂದ ಒರೆಸಿ, ಫಿಪ್ರೊನಿಲ್ ಎಂಬ ಕೀಟನಾಶಕ ಇರುವ ಜೆಲ್ಲನ್ನು ಸಾಸಿವೆಗಿಂತ ತುಸು ದೊಡ್ಡ ಚುಕ್ಕೆಗಳಾಗಿ ಬಿಜಾಗರಿಗಳ ಒಳಗೆ, ಡ್ರಾಯರಿನ ಹಿಂದಿನ ಮೂಲೆಗಳಲ್ಲಿ ಇಡಿಸಿದೆವು. ಜೆಲ್ ತಿಂದ ಜಿರಳೆ ಅಡಗುತಾಣಕ್ಕೆ ಮರಳಿ ಸಾಯುತ್ತದೆ. ಅದರ ಮಲವನ್ನೂ ಹೆಣವನ್ನೂ ತಿಂದ ಮರಿಗಳು ಅಲ್ಲೇ ಸಾಯುತ್ತವೆ. ಜೆಲ್ಲಿನ ಪಕ್ಕ ಸ್ಪ್ರೇ ಹೊಡೆದರೆ ಅವು ಅದರ ಹತ್ತಿರ ಬರುವುದಿಲ್ಲ, ಕೊಟ್ಟ ಹಣ ವ್ಯರ್ಥ. ಸಿಂಕಿನ ಕೆಳಗಿನ ಎಂಡಿಎಫ್ ಹಲಗೆ ನೀರು ಕುಡಿದು ಉಬ್ಬಿತ್ತು. ಅದನ್ನು ಕಿತ್ತು ಹಾಕಿ ಆ ಜಾಗವನ್ನು ತೆರೆದೇ ಬಿಟ್ಟೆವು. ಮೊದಲ ರಾತ್ರಿ ಇಟ್ಟ ಅಂಟುಹಾಳೆ ಬೆಳಗಾಗುವಾಗ ತುಂಬಿತ್ತು. ದಸರೆಯ ಹೊತ್ತಿಗೆ ವಾರಕ್ಕೆ ಒಂದೋ ಎರಡೋ ಬೀಳುತ್ತಿದ್ದವು.

ಪುಸ್ತಕಗಳ ಬೆಳ್ಳಿ ಬಣ್ಣದ ಹುಳುಗಳಿಗೆ ಔಷಧಿಯೇ ಬೇಕಾಗಲಿಲ್ಲ. ಮಾಷ್ಟ್ರ ಪುಸ್ತಕದ ಕಪಾಟು ಮಳೆಯ ಏಟು ಬೀಳುವ ಹೊರಗೋಡೆಗೆ ಅಂಟಿಕೊಂಡಿತ್ತು, ಹಿಂದೆ ಬೂಷ್ಟು ಹಿಡಿದಿತ್ತು. ಅದನ್ನು ಒಳಗೋಡೆಗೆ ಸರಿಸಿ, ಗೋಡೆಗೂ ಕಪಾಟಿಗೂ ನಾಲ್ಕು ಬೆರಳು ಅಂತರ ಬಿಟ್ಟಿದ್ದು ಸಾಕಾಯಿತು. ನುಸಿಗುಳಿಗೆಯನ್ನು ಮಾತ್ರ ತೆಗೆಸಿದೆ. ಮಲಗುವ ಜಾಗದಲ್ಲಿ ಅದರ ಹಬೆ ಒಳ್ಳೆಯದಲ್ಲ, ಮೊಮ್ಮಕ್ಕಳು ರಜೆಗೆ ಬಂದರೆ ಮಿಠಾಯಿ ಎಂದು ಬಾಯಿಗೆ ಹಾಕಿಕೊಳ್ಳುವ ಅಪಾಯವೂ ಇದೆ.

ಡಿಸೆಂಬರ್: ತೂತು ಕೊರೆದಾಗ ಸಿಕ್ಕಿದ್ದು

ಮಣ್ಣಿನ ಔಷಧಿಯ ಆಯ್ಕೆ ಸುಲಭದ್ದಾಗಿರಲಿಲ್ಲ. ನನಗೆ ಬೇಕಿದ್ದದ್ದು ಗೆದ್ದಲಿಗೆ ಗೊತ್ತಾಗದ ಔಷಧಿ. ಮಣ್ಣಿನಲ್ಲಿ ಹಾದುಹೋದ ಕೆಲಸಗಾರ ಹುಳು ಅದನ್ನು ಮೈಗೆ ಅಂಟಿಸಿಕೊಂಡು ಗೂಡಿಗೆ ಒಯ್ಯಬೇಕು, ಒಂದರ ಮೈಯನ್ನು ಇನ್ನೊಂದು ನೆಕ್ಕುವಾಗ, ಬಾಯಿಂದ ಬಾಯಿಗೆ ಆಹಾರ ಕೊಡುವಾಗ ಅದು ಹರಡಬೇಕು. ಇಮಿಡಾಕ್ಲೋಪ್ರಿಡ್ ಅಂಥದ್ದು. ಆದರೆ ಅದು ನೀರಿನಲ್ಲಿ ಸಾಕಷ್ಟು ಕರಗುತ್ತದೆ, ಮಣ್ಣಿನಲ್ಲಿ ಸಾಗುತ್ತದೆ. ಬೈಫೆಂಥ್ರಿನ್ ಮಣ್ಣಿಗೆ ಬಿಗಿಯಾಗಿ ಅಂಟಿ ನಿಲ್ಲುತ್ತದೆ, ಆದರೆ ಗೆದ್ದಲನ್ನು ಓಡಿಸುವ ಗುಂಪಿನದು. ಬಾವಿಯಿರುವ ಮನೆಯಲ್ಲಿ ಈ ಎರಡರ ನಡುವಿನ ಆಯ್ಕೆ ಬರೀ ಗೆದ್ದಲಿನ ಲೆಕ್ಕದಲ್ಲಿ ಆಗಬಾರದು. ಕೊನೆಗೆ ಹೀಗೆ ನಿರ್ಧರಿಸಿದೆವು: ಬಾವಿಯಿಂದ 10 ಮೀಟರಿಗಿಂತ ಹತ್ತಿರದಲ್ಲಿ ಮಣ್ಣಿಗೆ ಯಾವ ಔಷಧಿಯೂ ಬೇಡ. ಆ 10 ಮೀಟರ್ ಮಾನಕದ ಅಂಕೆಯಲ್ಲ, ನಾನು ಹಾಕಿಕೊಂಡ ಗೆರೆ. ಗೆದ್ದಲು ಇರುವ ಪೂರ್ವದ ಭಾಗ ಬಾವಿಯಿಂದ ಅದಕ್ಕಿಂತ ದೂರವಿದ್ದುದರಿಂದ ಅಲ್ಲಿ ಮಾತ್ರ ಇಮಿಡಾಕ್ಲೋಪ್ರಿಡ್. ಅಡುಗೆಮನೆಯ ಬದಿಗೆ ಬರೀ ಕಲ್ಲು, ಕಾಂಕ್ರೀಟು ಮತ್ತು ಕಣ್ಣಿನ ಕಾವಲು.

ಕೀಟನಾಶಕ ಕಾಯ್ದೆ, 1968ರ ಅಡಿಯಲ್ಲಿ ಪರವಾನಗಿ ಪಡೆದ ಒಬ್ಬ ಗುತ್ತಿಗೆದಾರರನ್ನು ಕರೆಸಿ, ಪರವಾನಗಿ ಪತ್ರವನ್ನು ನೋಡಿ, ಮೊಹರು ಒಡೆಯದ ಡಬ್ಬಿಯನ್ನು ನಮ್ಮೆದುರೇ ತೆರೆಯಿಸಿ ಕೆಲಸ ಆರಂಭಿಸಿದ್ದು ಡಿಸೆಂಬರಿನ ಎರಡನೇ ವಾರ. ಗೋಡೆ ಮತ್ತು ನೆಲ ಸೇರುವಲ್ಲಿ 300 ಮಿಲಿಮೀಟರಿಗೆ ಒಂದರಂತೆ 12 ಮಿಲಿಮೀಟರ್ ವ್ಯಾಸದ ತೂತು, ಪ್ರತಿ ತೂತಿಗೆ ಹೆಚ್ಚೆಂದರೆ 1 ಲೀಟರ್, ಮಣ್ಣು ಕುಡಿಯದಿದ್ದರೆ ಅಲ್ಲಿಗೇ ನಿಲ್ಲಿಸುವುದು, ಇದು ಮಾನಕದ ಕ್ರಮ. ಹೊಸ ಕೋಣೆ, ಬಚ್ಚಲು, ಓಣಿ ಸೇರಿ ಸುಮಾರು 22 ಮೀಟರ್ ಉದ್ದಕ್ಕೆ 74 ತೂತುಗಳ ಗುರುತು ಹಾಕಿದೆವು. ಬಾವಿಯ ಬಾಯಿಗೆ ಟಾರ್ಪಾಲು ಕಟ್ಟಿದ್ದು, ಆಹಾರ ಪಾತ್ರೆಗಳನ್ನು ಹೊರಗೆ ಒಯ್ದದ್ದು, ಕೆಲಸದ ಹುಡುಗರಿಗೆ ಕೈಗವಸು ಮುಖಗವಸು ಹಾಕಿಸಿದ್ದು ಹೇಳಬೇಕಾದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಓಣಿಯ ತೂತುಗಳಲ್ಲಿ ಡ್ರಿಲ್ಲಿನ ತುದಿಗೆ ಕೆಂಪು ಮಣ್ಣು ಬರುತ್ತಿತ್ತು. ಬಚ್ಚಲಿನ ಬಾಗಿಲಿನಿಂದ ಮೂರನೆಯ ತೂತಿನಲ್ಲಿ ಡ್ರಿಲ್ಲು ಒಮ್ಮೆಲೇ ಒಳಕ್ಕೆ ಜಾರಿತು. ಹೊರಗೆಳೆದಾಗ ಅದಕ್ಕೆ ಸುತ್ತಿಕೊಂಡು ಬಂದದ್ದು ಮಣ್ಣಲ್ಲ, ಕಪ್ಪಗೆ ಒದ್ದೆಯಾದ ಮರದ ಪುಡಿ. ಹುಡುಗ ಅದನ್ನು ಅಂಗೈಯಲ್ಲಿ ಉಜ್ಜಿ ಮೂಸಿ, “ಸರ್, ಇದು ಮರ” ಎಂದ. ಔಷಧಿ ಹಾಕುವುದನ್ನು ಅಲ್ಲಿಗೇ ನಿಲ್ಲಿಸಿದೆ. ಪೊಳ್ಳು ಜಾಗಕ್ಕೆ ಸುರಿದ ಔಷಧಿ ಗೂಡಿಗೆ ತಾಗುವ ಬದಲು ಎಲ್ಲಿಗೋ ಇಳಿದು ಹೋಗುತ್ತದೆ. ಮಾಷ್ಟ್ರ ಒಪ್ಪಿಗೆ ಕೇಳಿ ಬಚ್ಚಲಿನ ಟೈಲ್ಸ್ ಒಡೆಸಿದೆ.

ಒಂದೂವರೆ ಅಡಿ ಕೆಳಗೆ, 2012ರಲ್ಲಿ ತುಂಬಿಸಿದ ಮಣ್ಣಿನ ನಡುವೆ, ಆ ಕಾಲದ ಸೆಂಟ್ರಿಂಗಿನ ಮುರುಕು ಹಲಗೆಗಳು, ಊರುಗಂಬಕ್ಕೆ ಬಳಸಿದ ತೆಂಗಿನ ತುಂಡುಗಳು, ಸಿಮೆಂಟು ಚೀಲದ ಕಾಗದ ಎಲ್ಲವೂ ಇದ್ದವು. ಕಟ್ಟಿದವರು ಕಸವನ್ನು ಹೊರಗೆ ಸಾಗಿಸುವ ಬದಲು ನೆಲಕ್ಕೆ ತುಂಬಿಸಿ ಮೇಲೆ ಕಾಂಕ್ರೀಟು ಹಾಕಿದ್ದರು. ಅದರ ಮೇಲ್ಗಡೆಯೇ ನಹಾನಿ ಟ್ರ್ಯಾಪಿನ (ಬಚ್ಚಲಿನ ನೀರು ಹೊರಹೋಗುವ ನೆಲದ ಕಿಂಡಿಯ) ಜಾಯಿಂಟು ಬಿಟ್ಟುಹೋಗಿ, ಸ್ನಾನದ ನೀರಿನ ಒಂದು ಪಾಲು ದಿನವೂ ಅಲ್ಲಿಗೆ ಇಳಿಯುತ್ತಿತ್ತು. ಹಲಗೆಗಳ ನಡುವೆ ತೆಂಗಿನಕಾಯಿಗಿಂತ ದೊಡ್ಡದಾದ, ಒದ್ದೆ ರಟ್ಟಿನಂತೆ ಕಂದುಬಣ್ಣದ, ಸಾವಿರ ಕಿಂಡಿಗಳ ಗೂಡು. ಎತ್ತಿ ಬುಟ್ಟಿಗೆ ಹಾಕಿದಾಗ ಅದರ ಎಲ್ಲ ಕಿಂಡಿಗಳಿಂದಲೂ ಬಿಳಿ ಹುಳುಗಳು ಸೋರಿದವು.

ನನ್ನ ತಪ್ಪು ಇಲ್ಲಿದೆ. ಜೂನಿನಲ್ಲಿ ನಾನು ಒಳಗೆ ಬರುವ ನೀರಿನ ಪೈಪನ್ನು ಪರೀಕ್ಷಿಸಿದೆ, ಹೊರಗೆ ಹೋಗುವ ನೀರಿನ ದಾರಿಯನ್ನು ಪರೀಕ್ಷಿಸಲಿಲ್ಲ. ಒಂದು ಪೈಪು ಸೋರುವುದು ಕಂಡ ಕೂಡಲೇ ಕಾರಣ ಸಿಕ್ಕಿತೆಂದುಕೊಂಡೆ. ಟ್ರ್ಯಾಪಿನ ಬಾಯಿಯನ್ನು ಬಟ್ಟೆಯಿಂದ ಮುಚ್ಚಿ, ಬಚ್ಚಲಿನಲ್ಲಿ ಎರಡು ಅಂಗುಲ ನೀರು ನಿಲ್ಲಿಸಿ ನೋಡುವುದು, ಆಮೇಲೆ ಬಣ್ಣದ ನೀರನ್ನು ಟ್ರ್ಯಾಪಿಗೆ ಬಿಟ್ಟು ಗುಂಡಿಯಲ್ಲಿ ಎಷ್ಟು ಬರುತ್ತದೆಂದು ನೋಡುವುದು, ಇವು ಅರ್ಧ ದಿನದ ಕೆಲಸ. ಅದನ್ನು ಮಾಡಿದ್ದರೆ ಆರು ತಿಂಗಳು ಮೊದಲೇ ನೆಲ ತೆರೆಯುತ್ತಿದ್ದೆವು. ಈಗ ಯಾವ ಮನೆಗೆ ಹೋದರೂ ಎರಡನ್ನೂ ಮಾಡಿಸುತ್ತೇನೆ.

ಹದಿನಾಲ್ಕು ಬುಟ್ಟಿ ಮರ ಮತ್ತು ಕಸ ಹೊರಗೆ ಹೋಯಿತು. ಗುಂಡಿಯನ್ನು ಒಂಬತ್ತು ದಿನ ತೆರೆದಿಟ್ಟು ಫ್ಯಾನು ಹಾಕಿ ಒಣಗಿಸಿದೆವು. ಹೊಸದಾಗಿ ತುಂಬಿಸಿದ ಮಣ್ಣಿನ ಮೇಲೆ, ಹೊಸ ಕಟ್ಟಡಕ್ಕೆ ಹೇಳಿರುವ ಪ್ರಮಾಣದಲ್ಲಿ, ಒಂದು ಚದರ ಮೀಟರಿಗೆ 5 ಲೀಟರಿನಂತೆ ಔಷಧಿ ಹಾಕಿ, ಪೈಪು ಮತ್ತು ಟ್ರ್ಯಾಪು ಬದಲಿಸಿ, ವಾಟರ್‌ಪ್ರೂಫಿಂಗ್ ಮಾಡಿ ಟೈಲ್ಸ್ ಹಾಸಿದೆವು. ಉಳಿದ ತೂತುಗಳ ಕೆಲಸ ಆ ನಂತರ ಮುಗಿಯಿತು.

ದಾರಂದವನ್ನು ಪೂರ್ತಿ ಬದಲಿಸಲಿಲ್ಲ. ಎದೆಯೆತ್ತರದ ಮೇಲೆ ಹಲಸು ಕಬ್ಬಿಣದಂತೆ ಗಟ್ಟಿಯಿತ್ತು. ಬಡಗಿ ಆಚಾರ್ರು ಕೆಟ್ಟ ಭಾಗವನ್ನು ಕತ್ತರಿಸಿ, ಹಳೆಯ ಹಲಸಿನ ತೊಲೆಯಿಂದ ಅಷ್ಟೇ ದಪ್ಪದ ತುಂಡು ಜೋಡಿಸಿದರು. ನೆಲಕ್ಕೆ ತಾಗುವಲ್ಲಿ ಮರದ ಬದಲು ಅರ್ಧ ಅಡಿ ಎತ್ತರದ ಶಿಲೆಕಲ್ಲಿನ ಪಾದ. “ಮೊದಲು ಎಲ್ಲ ಹೀಗೇ ಮಾಡ್ತಿದ್ದದ್ದು ಸರ್, ಮರವನ್ನು ನೆಲಕ್ಕೆ ಹೂಳ್ತಿರಲಿಲ್ಲ” ಎಂದರು. ಜೋಡಿಸುವ ಮೊದಲು ಕಡಿದ ಮುಖಗಳಿಗೆ ಗೇರೆಣ್ಣೆಯನ್ನು ಎರಡು ಕೈ ಹಚ್ಚಿದರು. ಗೇರುಬೀಜದ ಸಿಪ್ಪೆಯ ಈ ಎಣ್ಣೆಯನ್ನು ಮಾಡಿನ ಮರಗಳಾದ ಪಕ್ಕಾಸು, ರೀಪುಗಳಿಗೆ ಹಚ್ಚುವುದು ಕರಾವಳಿಯಲ್ಲಿ ಹಳೆಯ ರೂಢಿ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಬಣ್ಣವೂ ಅದರ ಮೇಲೆ ಚೆನ್ನಾಗಿ ಕೂರುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣುವ ಮುಖಗಳಿಗೆ ಹಚ್ಚಲಿಲ್ಲ.

ಮಂಚದ ಕೆಳಗಿನ ಪುಡಿ

2023ರಲ್ಲಿ ಮಳೆಗಾಲ ತಡವಾಗಿ, ಜೂನ್ ಎರಡನೇ ವಾರದಲ್ಲಿ ಬಂತು. ಮೊದಲ ಮಳೆಯ ನಂತರ ದಾರಂದದಿಂದ ಒಂದು ಹುಳುವೂ ಹೊರಡಲಿಲ್ಲ. ಪಾದದ ತೇವ 18 ಶೇಕಡಾ. ಆದರೆ ಆಗಸ್ಟಿನಲ್ಲಿ ಮಾಷ್ಟ್ರು ಫೋನು ಮಾಡಿ, ಮಹಡಿಯ ಹಳೆಯ ಮಂಚದ ಕೆಳಗೆ ಪುಡಿ ಬೀಳುತ್ತಿದೆ, ಗೆದ್ದಲು ಮೇಲಕ್ಕೆ ಹೋಯಿತೇ ಎಂದು ಕೇಳಿದರು. ದನಿಯಲ್ಲಿ ಆಯಾಸ ಕೇಳಿಸುತ್ತಿತ್ತು.

ಪುಡಿಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಹಿಟ್ಟಿನಂತೆ ನುಣ್ಣಗಿದ್ದರೆ ಅದು ಕುಟ್ಟೆಹುಳದ್ದು. ಇದು ಗಸಗಸೆಯಂತೆ ಬಿಡಿಬಿಡಿ ಕಾಳು, ಪ್ರತಿ ಕಾಳಿಗೂ ಆರು ಮುಖ. ಮಣ್ಣಿನ ಸಂಪರ್ಕವೇ ಬೇಡದ, ಒಣ ಮರದೊಳಗೇ ಹುಟ್ಟಿ ಬೆಳೆದು ಸಾಯುವ ಕ್ರಿಪ್ಟೊಟರ್ಮಿಸ್ ಕುಲದ ಗೆದ್ದಲಿನ ಮಲ ಅದು. ಕರಾವಳಿಯ ತೇವದ ಗಾಳಿ ಅದಕ್ಕೆ ಸಾಕು. ಕೆಳಗಿನ ಗೂಡಿಗೂ ಇದಕ್ಕೂ ಸಂಬಂಧವಿಲ್ಲ, ನೆಲಕ್ಕೆ ಹಾಕಿದ ಔಷಧಿ ಇದಕ್ಕೆ ತಗಲುವುದೂ ಇಲ್ಲ. ಮಂಚದ ಒಂದು ಅಡ್ಡಪಟ್ಟಿ ಮಾತ್ರ ಕೆಟ್ಟಿತ್ತು. ಅದನ್ನು ಬಿಚ್ಚಿ ಬಚ್ಚಲೊಲೆಗೆ ಹಾಕಿದೆವು. ಅದು ಸೇರುವ ಎರಡು ಕಾಲುಗಳಿಗೆ ಸಣ್ಣ ತೂತು ಕೊರೆದು ಸಿರಿಂಜಿನಿಂದ ಔಷಧಿ ತುಂಬಿಸಿ ಮೇಣದಿಂದ ಮುಚ್ಚಿಸಿದೆವು. ಕೆಳಗೆ ಕಪ್ಪು ಕಾಗದ ಹಾಸಿ ವಾರಕ್ಕೊಮ್ಮೆ ನೋಡಲು ಹೇಳಿದೆ. ಅಕ್ಟೋಬರಿನ ನಂತರ ಕಾಗದದ ಮೇಲೆ ಕಾಳು ಬಿದ್ದಿಲ್ಲ.

2024ರ ಜುಲೈ

ಕೊನೆಯ ಭೇಟಿಯಲ್ಲಿ ಮನೆಯ ಸುತ್ತ ಮತ್ತೆ ಒಂದು ಸುತ್ತು ಬಂದೆ. ಪೂರ್ವದ ಪಂಚಾಂಗ ಸ್ವಚ್ಛವಾಗಿತ್ತು. ಶಿಲೆಕಲ್ಲಿನ ಪಾದದ ಮೇಲೆ ಏನೂ ಇಲ್ಲ. ಔಷಧಿ ಹಾಕದೆ ಬಿಟ್ಟ ಅಡುಗೆಮನೆಯ ಬದಿಯಲ್ಲಿ, ಬಾವಿಯ ಕಡೆಗಿನ ಕಾಂಕ್ರೀಟಿನ ಮೇಲೆ, ಪೆನ್ಸಿಲಿನಷ್ಟು ದಪ್ಪದ ಒಂದು ಮಣ್ಣಿನ ದಾರಿ ಒಂದು ಗೇಣಿನಷ್ಟು ಮೇಲೆ ಬಂದಿತ್ತು. ಮಾಷ್ಟ್ರ ಹೆಂಡತಿ ಅದನ್ನು ನನಗಿಂತ ಮೊದಲೇ ಕಂಡು, ಪಕ್ಕದಲ್ಲಿ ಸೀಮೆಸುಣ್ಣದಿಂದ ತಾರೀಕು ಬರೆದಿದ್ದರು. ಒಳಗಿನ ಸೈನಿಕ ಹುಳುವನ್ನು ಮುಟ್ಟಿ ನೋಡಿದೆವು. ಬಿಳಿ ಹನಿ ಬರಲಿಲ್ಲ. ಅದು ಅಂಗಳದ ಗೆದ್ದಲು, ತೆಂಗಿನ ಮಡಲಿನ ತುಂಡೊಂದು ಗೋಡೆಗೆ ಒರಗಿದ್ದುದನ್ನು ಹಿಡಿದು ಬಂದಿತ್ತು. ಮಡಲನ್ನು ತೆಗೆದು, ದಾರಿಯನ್ನು ಪೊರಕೆಯಿಂದ ಗುಡಿಸಿ, ಬಿಸಿನೀರು ಹಾಕಿದೆವು. ಹತ್ತು ದಿನ ಕಳೆದು ಅವರು ಕಳುಹಿಸಿದ ಚಿತ್ರದಲ್ಲಿ ಸೀಮೆಸುಣ್ಣದ ತಾರೀಕು ಮಾತ್ರ ಇತ್ತು. ಅದರ ಜತೆಗೇ ಇನ್ನೊಂದು ಚಿತ್ರ ಕಳುಹಿಸಿದ್ದರು: ಹುತ್ತದ ಬುಡದಲ್ಲಿ ಆ ಬೆಳಿಗ್ಗೆ ಎದ್ದ ಅಣಬೆಗಳದ್ದು.